ಆಸಾಮಿಯ ಮೊದಲ ಸಭೆ

ಮಾವ ಎರಡು ಜೇಬಿನ ಅಂಗಿ ಹೊಲಿಸಿಕೊಳ್ಳಲು ಶುರುಮಾಡಿದ್ದು ಕಂಪನಿ ಹುಟ್ಟಿದ ವರ್ಷ. ಎಡಗಡೆಯ ಜೇಬು ಅವರದು, ಬಲಗಡೆಯದು ಕಂಪನಿಯದು. ಅಂಗಡಿ ನಡೆಯುತ್ತಿದ್ದ ಮುಂದಿನ ಕೋಣೆ ಅವರ ಸ್ವಂತ ಮನೆಗೆ ಸೇರಿದ್ದು, ಹಾಗಾಗಿ ಕಂಪನಿ ಅವರಿಗೆ ಬಾಡಿಗೆ ಕೊಡಬೇಕಿತ್ತು. ತಿಂಗಳ ಮೊದಲ ದಿನ ಬೆಳಿಗ್ಗೆ ಮಾವ ಬಲಜೇಬಿನಿಂದ ಬಾಡಿಗೆ ತೆಗೆದು ಎಡಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ತಾವೇ ರಸೀದಿ ಬರೆದು, ತಾವೇ ಸಹಿ ಹಾಕಿ, ತಾವೇ ಇಸಿದುಕೊಳ್ಳುತ್ತಿದ್ದರು. ನೋಡಿದ ಗಿರಾಕಿಗಳು ಇವರಿಗೆ ಎಲ್ಲೋ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ ಅಂದುಕೊಂಡರೆ ತಪ್ಪಿಲ್ಲ. ಸೊಸೆಗೆ ಮಾತ್ರ ಅದು ಅಭ್ಯಾಸವಾಗಿಹೋಗಿತ್ತು.

ಅದು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಮೈ ಕೊಡುವ ಅಂಗಡಿ. ಚೌಕಟ್ಟು, ಸ್ಪ್ರಿಂಗು, ಕೆಳಗಿನ ಪಟ್ಟಿಗಳೆಲ್ಲ ಮಾವನ ಪಾಲು. ಹೊದಿಕೆ ಕತ್ತರಿಸುವುದು, ಹೊಲಿಯುವುದು, ಬೆನ್ನಿಗೆ ಗುಂಡಿ ಕೂರಿಸುವುದು ಸೊಸೆಯ ಪಾಲು. ಅವಳ ಗಂಡ, ಅಂದರೆ ಮಾವನಿಗಿದ್ದ ಒಬ್ಬನೇ ಮಗ, ವ್ಯಾನು ಓಡಿಸುತ್ತಿದ್ದ, ಗಿರಾಕಿಗಳ ಮನೆಗೆ ಹೋಗಿ ಅಳತೆ ತರುತ್ತಿದ್ದ, ಮತ್ತು ಮಾತಾಡುತ್ತಿದ್ದ. ಮಾತಾಡುವುದೂ ಒಂದು ಕೆಲಸವೇ, ಅದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ತಿಂಗಳು ಹಿಡಿಯುವ ಕೆಲಸವನ್ನು ವಾರದಲ್ಲಿ ಕೊಡ್ತೀವಿ ಎಂದು ನಗುನಗುತ್ತಾ ಒಪ್ಪಿಕೊಂಡು ಬಂದು, ಆಮೇಲೆ ಹೆಂಡತಿಯ ಮುಖ ನೋಡುತ್ತಾ ನಿಲ್ಲುತ್ತಿದ್ದ.

ಇಷ್ಟು ಸಣ್ಣ ಅಂಗಡಿಗೆ ಕಂಪನಿ ಯಾಕೆ ಬೇಕಾಯಿತು ಅನ್ನುವುದಕ್ಕೆ ಒಂದು ಕಥೆಯಿದೆ. ಒಮ್ಮೆ ನಾಟಕದ ಹಾಲಿನ ಮುಂದಿನ ಸಾಲಿನ ಕುರ್ಚಿಗಳನ್ನು ಇವರೇ ರಿಪೇರಿ ಮಾಡಿದ್ದರು. ಮೊದಲ ಪ್ರದರ್ಶನಕ್ಕೆ ಬಂದ ಭಾರೀ ಮೈಯವರೊಬ್ಬರು ಕೂತ ಹೊಡೆತಕ್ಕೆ ಒಂದು ಸ್ಪ್ರಿಂಗು ಮೇಲೆದ್ದು ಎಲ್ಲಿ ಚುಚ್ಚಬಾರದೋ ಅಲ್ಲೇ ಚುಚ್ಚಿತು. ಅವರು ಕುಂಟುತ್ತಾ ಅಂಗಡಿಗೆ ಬಂದು, ಕೋರ್ಟಿಗೆ ಹೋಗ್ತೀನಿ, ಈ ಮನೆ ಹರಾಜು ಹಾಕಿಸ್ತೀನಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ಗಾಯ ಮಾಗಿದ ಮೇಲೆ ಕೋಪವೂ ಮಾಗಿತು, ಕೋರ್ಟಿನ ಮಾತು ಅಲ್ಲಿಗೇ ನಿಂತಿತು. ಆದರೆ ಮಾವನ ನಿದ್ದೆ ಹಾರಿಹೋಯಿತು. ಅವರು ಕಟ್ಟಿದ್ದು ಅದೊಂದೇ ಮನೆ.

ಆಗಿನ ಆಡಿಟರು ನಿಧಾನದ ಮನುಷ್ಯ. ಅವರು ಹೀಗೆ ಬಿಡಿಸಿ ಹೇಳಿದ್ದರು:

"ಒಂದು ಲಿಮಿಟೆಡ್ ಕಂಪನಿ ಮಾಡಿಕೊಳ್ಳಿ ಯಜಮಾನ್ರೇ. ಕಾನೂನಿನ ಲೆಕ್ಕದಲ್ಲಿ ಕಂಪನಿ ಅಂದ್ರೆ ಬೇರೆ ಮನುಷ್ಯ. ನೀವು ಬೇರೆ, ಅವನು ಬೇರೆ. ಅವನು ಮಾಡಿದ ಸಾಲ ಅವನದ್ದು, ಅವನ ಮೇಲೆ ಕೇಸು ಬಿದ್ರೆ ಅವನ ಆಸ್ತೀನೇ ಹೋಗೋದು. ನೀವು ಅದಕ್ಕೆ ಎಷ್ಟು ಹಾಕಿರ್ತೀರೋ ಅಷ್ಟಕ್ಕೆ ಮಾತ್ರ ನಿಮ್ಮ ಹೊಣೆ. ಮನೆ ಹತ್ರ ಯಾರೂ ಬರಲ್ಲ. ಆದ್ರೆ ಒಂದು ಮಾತು. ಅವನನ್ನ ಬೇರೆ ಮನುಷ್ಯನ ಥರಾನೇ ನಡೆಸ್ಕೋಬೇಕು. ಇವತ್ತು ನೀವು ಅವನ ಜೇಬಿಗೆ ಕೈ ಹಾಕಿದ್ರೆ, ನಾಳೆ ಕೋರ್ಟು ನಿಮ್ಮ ಜೇಬಿಗೆ ಕೈ ಹಾಕುತ್ತೆ."

ಜೇಬಿನ ಮಾತು ಮಾವನ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿತು. ಎರಡು ಜೇಬಿನ ಅಂಗಿ ಬಂತು. ಅಂಗಡಿಗೂ ಮನೆಗೂ ನಡುವೆ ನೆಲದ ಮೇಲೆ ಹಳದಿ ಬಣ್ಣದ ಗೆರೆ ಬಂತು. ಗೆರೆಯ ಈಚೆ ಕಂಪನಿ, ಆಚೆ ಸಂಸಾರ. ಕರೆಂಟಿಗೆ ಬೇರೆ ಮೀಟರು, ಟೀ ಪುಡಿಗೆ ಬೇರೆ ಡಬ್ಬಿ. ಕಂಪನಿಗೆ ಒಂದು ಹೆಸರು ಇಟ್ಟಿದ್ದರೂ ಅದು ಬೋರ್ಡಿನ ಮೇಲಷ್ಟೇ ಉಳಿಯಿತು. ಆಡಿಟರು ಹೇಳಿದ ಆ 'ಬೇರೆ ಮನುಷ್ಯ' ಮನೆಯಲ್ಲಿ ಎಲ್ಲರ ಬಾಯಲ್ಲಿ ಆಸಾಮಿ. "ಆ ಟೀ ಪುಡಿ ಮುಟ್ಟಬೇಡ, ಅದು ಆಸಾಮೀದು." "ವ್ಯಾನಲ್ಲಿ ಗೆಳೆಯರನ್ನ ಕೂರಿಸ್ಕೊಂಡು ಎಲ್ಲಿಗೆ ಹೊರಟೆ? ಆಸಾಮಿಗೆ ಬಾಡಿಗೆ ಕೊಟ್ಟು ಹೋಗು." ಮಗ ತಲೆ ಚಚ್ಚಿಕೊಳ್ಳುತ್ತಿದ್ದ. ಮಾವ ಇಲ್ಲದ ಹೊತ್ತಿನಲ್ಲಿ ಆಸಾಮಿಯ ಹಿತ ಕಾಯುವವಳು ಸೊಸೆಯಾದ್ದರಿಂದ ಅವನು ಸಿಕ್ಕಸಿಕ್ಕವರ ಹತ್ತಿರ, "ಗಂಡನಿಗೇ ಬಿಲ್ಲು ಹರಿದು ಕೊಡೋ ಹೆಂಡತಿ ನೋಡಬೇಕಿದ್ರೆ ನಮ್ಮ ಅಂಗಡಿಗೆ ಬನ್ನಿ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಸೊಸೆ ಕಂಪನಿಯೊಳಗೆ ಬಂದದ್ದು ಮಾತ್ರ ಅಕಸ್ಮಾತ್ತಾಗಿ. ಕಂಪನಿ ಕಟ್ಟಲು ಕಡೇ ಪಕ್ಷ ಇಬ್ಬರು ಸದಸ್ಯರು ಬೇಕು. ಅಪ್ಪ, ಮಗ ಎಂದು ಮಾತಾಗಿತ್ತು. ಕಾಗದಪತ್ರ ಹಿಡಿದು ಆಡಿಟರು ಬಂದ ಬೆಳಿಗ್ಗೆ ಮಗ ಊರಾಚೆ ಎಲ್ಲೋ ಕೆಟ್ಟುನಿಂತ ವ್ಯಾನಿನ ಅಡಿ ಮಲಗಿದ್ದ. ಕಾದರು, ಮತ್ತೂ ಕಾದರು. ಆಡಿಟರಿಗೆ ಬೇರೆ ಕೆಲಸವಿತ್ತು. ಮಾವ ಕೋಣೆಯ ಸುತ್ತ ಕಣ್ಣಾಡಿಸಿದರು. ಸೊಸೆ ಮೂಲೆಯಲ್ಲಿ ಬಾಗಿದ ಸೂಜಿ ಹಿಡಿದು ಒಂದು ದಿಂಬಿನ ಬಾಯಿ ಹೊಲಿಯುತ್ತಿದ್ದಳು.

"ಬಾಮ್ಮ, ಇಲ್ಲೊಂದು ಸಹಿ ಹಾಕು."

"ಎಷ್ಟೆಷ್ಟು ಪಾಲು ಅಂತ ಬರೀಲಿ?" ಎಂದು ಆಡಿಟರು ಕೇಳಿದರು.

"ಅರ್ಧ ಅರ್ಧ ಬರೀರಿ. ಯಾರದ್ದಾದ್ರೇನು, ಎಲ್ಲಾ ಒಂದೇ."

ಹೀಗೆ, ಒಂದು ವ್ಯಾನು ಕೆಟ್ಟ ಪುಣ್ಯದಿಂದ ಸೊಸೆ ಅರ್ಧ ಕಂಪನಿಯ ಒಡತಿಯಾದಳು. ಯಾರೂ ಅದನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳನ್ನು ಯಾರಿಗಾದರೂ ಪರಿಚಯ ಮಾಡಿಸುವಾಗ ಮಾವ, "ಸಹಿಗೆ ಇವಳೂ ಇದ್ದಾಳೆ" ಅನ್ನುತ್ತಿದ್ದರು. ಅದರಲ್ಲಿ ಕುಹಕವೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದ ಹಾಗಿತ್ತು ಅಷ್ಟೆ.

ಟೀ ಪುಡಿಯನ್ನೂ ಬೇರೆ ಮಾಡಿದ ಈ ಮಂದಿ ಒಂದನ್ನು ಮಾತ್ರ ಮರೆತಿದ್ದರು. ವರ್ಷಕ್ಕೊಮ್ಮೆ ಸದಸ್ಯರ ಸಭೆ ಸೇರಬೇಕು, ವಿಷಯಗಳನ್ನು ಇಟ್ಟು ತೀರ್ಮಾನ ಮಾಡಬೇಕು, ಅದನ್ನು ಬರೆದಿಡಬೇಕು. "ದಿನಾ ಮುಖ ನೋಡ್ತೀವಿ, ನಮಗೆ ಎಂಥಾ ಸಭೆ?" ಎಂದು ಮಾವ ನಕ್ಕುಬಿಟ್ಟಿದ್ದರು. ಹಳೆಯ ಆಡಿಟರು ಅದನ್ನು ಹೊಟ್ಟೆಗೆ ಹಾಕಿಕೊಂಡು, ಪ್ರತಿ ವರ್ಷ ತಮ್ಮ ಮೇಜಿನ ಮೇಲೆ ತಾವೇ ಸಭೆ ನಡೆಸಿ, ತಾವೇ ನಡವಳಿ ಬರೆದು ಕಳಿಸುತ್ತಿದ್ದರು. ಎಲ್ಲಾ ವರ್ಷವೂ ಸದಸ್ಯರಿಬ್ಬರು ಹಾಜರು, ಎಲ್ಲಾ ನಿರ್ಣಯಕ್ಕೂ ಸರ್ವಾನುಮತದ ಒಪ್ಪಿಗೆ. ಸೊಸೆ ಮೆಷಿನ್ ತುಳಿಯುವುದನ್ನು ಅರೆಕ್ಷಣ ನಿಲ್ಲಿಸಿ, ಬೆರಳು ತೋರಿಸಿದ ಕಡೆ ಸಹಿ ಹಾಕುತ್ತಿದ್ದಳು.

ಹಳೆಯ ಆಡಿಟರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಅವರ ಅಣ್ಣನ ಮಗಳು ಬಂದಳು. ಮೃದುವಾಗಿ ಮಾತಾಡುವ, ಆದರೆ ಹಿಡಿದದ್ದನ್ನು ಬಿಡದ ಹುಡುಗಿ. ಅಂಗಡಿಗೆ ಬಂದು ಹಳದಿ ಗೆರೆ ನೋಡಿದಳು, ಎರಡು ಡಬ್ಬಿ ನೋಡಿದಳು, ಮಾವನ ಅಂಗಿ ನೋಡಿದಳು. ಆಮೇಲೆ ಸಭೆಯ ಕಾಗದಗಳನ್ನು ನೋಡಿ ಮುಖ ಸಣ್ಣಗೆ ಮಾಡಿಕೊಂಡಳು.

"ಇದನ್ನೆಲ್ಲಾ ಇಷ್ಟು ಚೆನ್ನಾಗಿ ಬೇರೆ ಮಾಡಿದೀರಿ ಸರ್. ಆದ್ರೆ ನಾಳೆ ಏನಾದ್ರೂ ಆಗಿ ಯಾರಾದ್ರೂ ನಿಮ್ಮಿಬ್ಬರನ್ನ ಬೇರೆಬೇರೆ ನಿಲ್ಲಿಸಿ, ಆ ಸಭೇಲಿ ಏನು ಮಾತಾಡಿದ್ರಿ ಅಂತ ಕೇಳಿದ್ರೆ ಏನು ಹೇಳ್ತೀರಿ? ಚಿಕ್ಕಪ್ಪ ಬರೆದಿದ್ದು ಬರೆದಾಯ್ತು. ಈ ವರ್ಷದಿಂದ ನಿಜವಾಗಿ ಸಭೆ ಸೇರಿ. ನಾನೇ ಬಂದು ಕೂತು ಬರ್ಕೋತೀನಿ."

"ಸೇರಿದ್ರಾಯ್ತು. ಅದಕ್ಕೇನಂತೆ."

"ಮುಂಚೆ ನೋಟಿಸು ಕೊಡಬೇಕು ಸರ್. ಸಭೇಲಿ ಯಾವ್ಯಾವ ವಿಷಯ ಬರುತ್ತೆ ಅಂತ ಬರೆದು ಪ್ರತಿ ಸದಸ್ಯರಿಗೂ ತಲುಪಿಸಬೇಕು. ಕೈಗೇ ಕೊಡಬಹುದು, ಅಂಚೇಲೂ ಕಳಿಸಬಹುದು."

ಅಂಚೆ ಅನ್ನುವ ಮಾತು ಕೇಳಿ ಮಾವನ ಮುಖ ಸ್ವಲ್ಪ ಗೆಲುವಾದದ್ದನ್ನು ಸೊಸೆ ನೋಡಿದಳು. ಕಾರಣ ಆಗ ಗೊತ್ತಾಗಲಿಲ್ಲ.

ಆ ವಾರದ ಕೊನೆಗೆ ಅಂಚೆಯವನು ಬಂದ. ಬಾಗಿಲ ಬಳಿ ಕುರ್ಚಿಯೊಂದರ ಪಟ್ಟಿ ಬಿಗಿಯುತ್ತಿದ್ದ ಮಾವ ಎದ್ದುಹೋಗಿ ಲಕೋಟೆ ಇಸಿದುಕೊಂಡರು. ತಿರುಗಿಸಿ ಮುರುಗಿಸಿ ವಿಳಾಸ ಓದಿದರು. "ನಿನಗೇನೋ ಕಾಗದ ಬಂದಿದೆಯಮ್ಮ" ಎಂದು ಅವಳ ಮೇಜಿನ ಮೇಲಿಟ್ಟು, ಮತ್ತೆ ಹೋಗಿ ಸುತ್ತಿಗೆ ಹಿಡಿದರು. ವಿಳಾಸದ ಅಕ್ಷರ ಅವರದೇ. ಎದುರು ಬದುರು ಕೂತವಳಿಗೆ ಈ ಮನುಷ್ಯ ಬೀದಿಯಾಚೆಯ ಡಬ್ಬಿಗೆ ಕಾಗದ ಹಾಕಿ ಬಂದಿದ್ದರು. ಅವಳಿಗೆ ನಗು ಬಂತು. ಲಕೋಟೆ ಒಡೆದು ನೋಟಿಸು ಓದುವವರೆಗೂ ಆ ನಗು ಇತ್ತು.

ಮೊದಲನೆಯದು ವರ್ಷದ ಲೆಕ್ಕಕ್ಕೆ ಒಪ್ಪಿಗೆ. ಎರಡನೆಯದು ಆಡಿಟರ ನೇಮಕ. ಮೂರನೆಯದು, ಎರಡನೇ ಸದಸ್ಯರಾದ ಸೊಸೆಯ ಪೂರ್ತಿ ಪಾಲನ್ನು ಮಗನ ಹೆಸರಿಗೆ ಮಾಡಿಕೊಡುವುದು. ನಾಲ್ಕನೆಯದು, ಅಧ್ಯಕ್ಷರ ಅನುಮತಿಯ ಮೇಲೆ ಬರುವ ಇತರ ವಿಷಯ.

ಅವಳು ಮೂರನೆಯದನ್ನು ಇನ್ನೊಮ್ಮೆ ಓದಿದಳು. ತಲೆಯೆತ್ತಿದರೆ ಮಾವ ಬೆನ್ನು ತಿರುಗಿಸಿ ಮೊಳೆ ಹೊಡೆಯುತ್ತಿದ್ದರು, ಅಷ್ಟು ಹೊಡೆತ ಬೇಕಿಲ್ಲದ ಮೊಳೆಗೆ ಅಷ್ಟು ಜೋರಾಗಿ. ಬಾಯಿಬಿಟ್ಟು ಹೇಳಲಾರದ್ದನ್ನು ಕಾನೂನಿನ ಕೈಲಿ ಹೇಳಿಸಿದ್ದಾರೆ ಎಂದು ಅವಳಿಗೆ ಹೊಳೆಯಿತು.

ಮಾವ ಕೆಟ್ಟವರಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಅವಳು ಬಾಗಿದ ಸೂಜಿ ಹಿಡಿಯಲು ಬಾರದೆ ಬೆರಳೆಲ್ಲ ಚುಚ್ಚಿಕೊಂಡಾಗ ಗಂಡ ಬಿದ್ದು ಬಿದ್ದು ನಕ್ಕಿದ್ದ, ಮಾವ ನಕ್ಕಿರಲಿಲ್ಲ. ಪಕ್ಕದಲ್ಲಿ ಕೂತು, ಹಳೆಯ ಗೋಣಿ ತುಂಡಿನ ಮೇಲೆ, ಅವಳ ಕೈಗೆ ಬರುವವರೆಗೂ ತೋರಿಸಿಕೊಟ್ಟಿದ್ದರು. ಹೊಗಳುವ ಜನವಲ್ಲ ಅವರು. ಒಳ್ಳೆಯ ಬಟ್ಟೆ ಬಂದರೆ ಒಂದು ಮಾತೂ ಆಡದೆ ಅವಳ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಅದೇ ಹೊಗಳಿಕೆ. ಅತ್ತೆ ತೀರಿಕೊಂಡ ಮೇಲಂತೂ ಅವಳು ಬಡಿಸಿದ ಊಟ ಬಿಟ್ಟು ಬೇರೆ ಊಟ ಅವರಿಗೆ ರುಚಿಸುತ್ತಿರಲಿಲ್ಲ. ಅಂಥವರ ಮುಖಕ್ಕೆ ಇಲ್ಲ ಅನ್ನುವುದು ಹೇಗೆ? ಹೂಂ ಅಂದರೆ ಏನು ಹೋಗುತ್ತದೆ? ಮೆಷಿನ್ ಇರುತ್ತದೆ, ಕೆಲಸ ಇರುತ್ತದೆ, ಮನೆ ಇರುತ್ತದೆ. ಗಂಡ ಬೇರೆಯವನೇ?

ಆದರೂ ಮನಸ್ಸು ಒಪ್ಪಲಿಲ್ಲ. ಮನೆ ಮಾವನ ಹೆಸರಲ್ಲಿತ್ತು. ಸೈಕಲ್ಲಿಂದ ಹಿಡಿದು ಫೋನಿನವರೆಗೆ ಎಲ್ಲ ಗಂಡನ ಹೆಸರಲ್ಲಿತ್ತು. ಅವಳ ಹೆಸರು ಅಚ್ಚಾಗಿದ್ದದ್ದು ಆಸಾಮಿಯ ಕಾಗದದ ತಲೆಯ ಮೇಲೆ ಮಾತ್ರ, ಮಾವನ ಹೆಸರಿನ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ. ಗಿರಾಕಿಗೆ ಬಿಲ್ಲು ಬರೆಯುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ನೋಡಿ ಏನೂ ಅಂದುಕೊಳ್ಳುತ್ತಿರಲಿಲ್ಲ, ಅಥವಾ ಹಾಗೆಂದು ತಿಳಿದಿದ್ದಳು. ಈಗ ಅದು ಹೋಗುತ್ತದೆ ಅಂದಾಗ ತನಗೆ ಅದು ಎಷ್ಟು ಬೇಕಾಗಿತ್ತು ಅನ್ನುವುದು ಗೊತ್ತಾಗಿ ಅವಳಿಗೇ ನಾಚಿಕೆಯಾಯಿತು, ಸಿಟ್ಟೂ ಬಂತು.

ಸಂಜೆ ಗಂಡ ವ್ಯಾನು ತೊಳೆಯುತ್ತಿದ್ದಾಗ ಹೋಗಿ ಕೇಳಿದಳು.

"ರೀ, ಕಂಪನೀಲಿ ನನ್ನ ಪಾಲು ನಿಮಗೆ ಬೇಕಾ?"

"ನನಗೆ ಯಾಕೆ ಬೇಕು? ಅಪ್ಪ ಹೇಳಿದ್ರು, ಹೂಂ ಅಂದೆ. ನಿನ್ನ ಹತ್ರ ಇದ್ರೇನು, ನನ್ನ ಹತ್ರ ಇದ್ರೇನು. ಎಲ್ಲಾ ಒಂದೇ ಅಲ್ವಾ?"

"ಒಂದೇ ಅಂದ್ರೆ ನನ್ನ ಹತ್ರಾನೇ ಇರ್ಲಿ ಬಿಡಿ."

ಗಂಡ ಗಹಗಹಿಸಿ ನಕ್ಕ. ಹೆಂಡತಿ ತಮಾಷೆ ಮಾಡುವುದು ಅಪರೂಪವಾದ್ದರಿಂದ ಅವನಿಗೆ ಖುಷಿಯಾಯಿತು. ಬಕೆಟ್ಟಿನ ನೀರು ಚಕ್ರಕ್ಕೆ ಎರಚಿ, ಇನ್ನೊಂದು ಬಕೆಟ್ಟು ತರಲು ಹೋದ. ಎಲ್ಲಾ ಒಂದೇ ಅನ್ನುವ ಮಾತು ತನ್ನ ಕೈಯಿಂದ ಏನಾದರೂ ಬೇರೆಯವರ ಕೈಗೆ ಹೋಗುವಾಗಲೇ ಯಾಕೆ ಬರುತ್ತದೆ ಎಂದು ಅವಳು ಅಲ್ಲೇ ನಿಂತು ಯೋಚಿಸಿದಳು.

ಸಭೆಯ ದಿನ ಅಂಗಡಿಗೆ ರಜೆ. ಮಾವ ಇಸ್ತ್ರಿ ಮಾಡಿದ ಎರಡು ಜೇಬಿನ ಅಂಗಿ ತೊಟ್ಟು, ನೆಲ ಗುಡಿಸಿ, ನೂಲಿನ ಚೂರುಗಳನ್ನೆಲ್ಲ ಮೂಲೆಗೆ ತಳ್ಳಿದರು. ಕೋಣೆಯ ತುಂಬ ಕುರ್ಚಿಗಳಿದ್ದವು. ಎತ್ತರದ ಬೆನ್ನಿನವು, ಕೈಯಿರುವವು, ಒಂದು ದೊಡ್ಡ ಹಸಿರು ಸೋಫಾ. ಆದರೆ ಗಿರಾಕಿಯ ಕುರ್ಚಿಯಲ್ಲಿ ಕೂರಬಾರದು ಅನ್ನುವುದು ಅಂಗಡಿಯ ನಿಯಮ. ಹಾಗಾಗಿ ಕುರ್ಚಿ ರಿಪೇರಿ ಮಾಡುವ ಕಂಪನಿಯ ವಾರ್ಷಿಕ ಸಭೆಗೆ ಅಧ್ಯಕ್ಷರಾದ ಮಾವ ಒಂದು ಸ್ಟೂಲಿನ ಮೇಲೂ ಆಡಿಟರು ಇನ್ನೊಂದು ಸ್ಟೂಲಿನ ಮೇಲೂ ಕೂತರು. ಎರಡನೇ ಸದಸ್ಯೆಗೆ ಸಿಕ್ಕಿದ್ದು ಸುತ್ತಿಟ್ಟ ಫೋಮಿನ ಕಟ್ಟು. ಕೂತ ಕೂಡಲೇ ಅದು ಕುಸಿದು ಅವಳು ಮಿಕ್ಕವರಿಗಿಂತ ಒಂದು ಗೇಣು ಕೆಳಗಾದಳು.

ಮಗ ಸದಸ್ಯನಲ್ಲವಾದ್ದರಿಂದ ಸಭೆಯಲ್ಲಿ ಕೂರುವಂತಿಲ್ಲ ಎಂದು ಆಡಿಟರು ಹೇಳಿದಳು.

"ಹಂಗಾದ್ರೆ ನಾನೇನು ಮಾಡ್ಲಿ?"

"ಟೀ ಮಾಡು" ಅಂದರು ಮಾವ. "ಆಸಾಮಿ ಡಬ್ಬೀಲಿ ಮಾಡು. ಇದು ಕಂಪನಿ ಕೆಲಸ."

ಅವನು ಹಳದಿ ಗೆರೆ ದಾಟಿ ಅಡುಗೆಮನೆಗೆ ಹೋದ. ಅಲ್ಲಿಂದ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು, ಬೇಕಾದದ್ದೊಂದೂ ಸಿಗದವನ ಸದ್ದು.

ಆಡಿಟರು ಮೊದಲ ವಿಷಯ ಓದಿದಳು. ಲೆಕ್ಕ ಎಲ್ಲ ಸರಿಯಿತ್ತು.

"ಒಪ್ಪಿಗೆ" ಅಂದರು ಮಾವ, ಪ್ರಶ್ನೆ ಮುಗಿಯುವ ಮೊದಲೇ.

"ನಿಮ್ಮದು?"

ಯಾರನ್ನು ಕೇಳುತ್ತಿದ್ದಾಳೆಂದು ಸೊಸೆ ಹಿಂದೆ ತಿರುಗಿ ನೋಡಿದಳು. ಹಿಂದೆ ಹಸಿರು ಸೋಫಾ ಬಿಟ್ಟು ಯಾರೂ ಇರಲಿಲ್ಲ.

"ನಿಮ್ಮನ್ನೇ ಕೇಳಿದ್ದು" ಎಂದು ಆಡಿಟರು ನಕ್ಕಳು.

"ಒಪ್ಪಿಗೆ" ಅಂದಳು ಸೊಸೆ. ದನಿ ಸಣ್ಣಗೆ ಬಂತು. ಎರಡನೆಯದಕ್ಕೆ ಸ್ವಲ್ಪ ಸರಿಯಾಗಿ ಬಂತು.

ಮೂರನೆಯದನ್ನು ಓದುವಾಗ ಮಾವ ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟು ನೆಲ ನೋಡುತ್ತಿದ್ದರು. ಓದಿ ಮುಗಿಸಿದ ಆಡಿಟರು ಸೊಸೆಯ ಕಡೆ ತಿರುಗಿದಳು.

"ಇದು ನಿಮ್ಮ ಪಾಲಿನ ವಿಷಯ. ಬೇರೆ ಯಾರು ಒಪ್ಪಿದ್ರೂ ಸಾಕಾಗಲ್ಲ, ನೀವು ಇಷ್ಟಪಟ್ಟು ಕೊಟ್ರೆ ಮಾತ್ರ ಆಗೋದು. ಅದಕ್ಕೇ ಕೇಳ್ತಿದೀನಿ. ಕೊಡ್ತೀರಾ?"

ಅಡುಗೆಮನೆಯಲ್ಲಿ ಏನೋ ಉಕ್ಕಿ ಒಲೆಯ ಮೇಲೆ ಸುರಿದ ಸದ್ದಾಯಿತು. ಸೊಸೆ ಫೋಮಿನ ಕಟ್ಟಿನ ಮೇಲೆ ನೆಟ್ಟಗೆ ಕೂರಲು ನೋಡಿದಳು.

"ನಾನು ಕೊಡಲ್ಲ ಮಾವ."

ಕೇಳಿದ್ದು ಆಡಿಟರು, ಉತ್ತರ ಹೋದದ್ದು ಮಾವನಿಗೆ. ಮಾವ ತಲೆಯೆತ್ತಿದರು. ಅವರ ಮುಖದಲ್ಲಿ ಮೊದಲು ಕಂಡದ್ದು ಕೋಪವೇನಲ್ಲ, ಬೆರಗು. ದಿನಾ ನಡೆದಾಡುವ ಮೆಟ್ಟಿಲು ಒಂದು ದಿನ ಕಾಲಿಗೆ ಸಿಗದಿದ್ದರೆ ಆಗುವಂಥ ಬೆರಗು.

"ಯಾಕೆ?" ಅಂದರು.

ಅವಳು ತಯಾರಿ ಮಾಡಿಕೊಂಡ ಮಾತುಗಳೆಲ್ಲ ಮರೆತುಹೋದವು.

"ನಿನಗೆ ಈ ಮನೇಲಿ ನಾನು ಏನು ಕಮ್ಮಿ ಮಾಡಿದೀನಿ ಅಂತ?" ಮಾವನ ದನಿ ಏರಲಿಲ್ಲ. ಆದರೆ ನೋವು ಅದರಲ್ಲಿ ತಿಳಿಯಾಗಿ ಕೇಳಿಸಿತು.

"ಏನೂ ಕಮ್ಮಿ ಮಾಡಿಲ್ಲ ಮಾವ."

"ಮತ್ತೆ?"

"ಯಾವತ್ತೂ ಕೇಳಿಲ್ಲ, ಅಷ್ಟೆ." ಮಾತು ಶುರುವಾದ ಮೇಲೆ ನಿಲ್ಲಿಸಲು ಅವಳಿಗೆ ಆಗಲಿಲ್ಲ. "ನಾಟಕದ ಹಾಲಿನ ಆರ್ಡರು ಒಪ್ಕೊಳ್ಳೋವಾಗ ಕೇಳಿಲ್ಲ. ವ್ಯಾನು ಬದಲಾಯಿಸೋವಾಗ ಕೇಳಿಲ್ಲ. ನನ್ನ ಮೆಷಿನ್ನು ಕಿಟಕಿ ಹತ್ರದಿಂದ ತೆಗೆದು ಗೋಡೆ ಹತ್ರ ಹಾಕಿದಾಗಲೂ ಕೇಳಿಲ್ಲ. ಬೆಳಕಿಲ್ಲದೆ ಕಣ್ಣು ನೋಯುತ್ತೆ ಮಾವ, ಯಾರ ಹತ್ರ ಹೇಳ್ಲಿ? ನನ್ನ ಕೇಳದೆ ಏನೂ ಆಗೋ ಹಾಗಿಲ್ಲ ಅಂತ ಬರೆದಿರೋದು ಈ ಕಂಪನೀಲಿ ಮಾತ್ರ. ಇಷ್ಟು ವರ್ಷ ಇಲ್ಲೂ ಕೇಳಿರಲಿಲ್ಲ. ಇವತ್ತು ಮೊದಲ್ನೇ ಸಲ ಕೇಳ್ತಿದೀರಿ. ಮೊದಲ್ನೇ ಸಲಾನೇ, ಇನ್ಮೇಲೆ ಕೇಳೋದೇ ಬೇಡ ಅನ್ನೋದಕ್ಕೆ ಹೂಂ ಅನ್ನು ಅಂತಿದೀರಿ."

ಆಡಿಟರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡಿದಳು. ಇದು ಬರೆದುಕೊಳ್ಳುವ ವಿಷಯವಲ್ಲ ಎಂದು ತಿಳಿಯುವಷ್ಟು ಸೂಕ್ಷ್ಮ ಅವಳಿಗಿತ್ತು.

ಮಾವ ಬಲಗೈ ಎತ್ತಿ ಅವಳ ಮುಂದೆ ಹಿಡಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ನಡುಕ ಕಾಣದಿರಲೆಂದೇ ಮೊಳೆಗಳಿಗೆ ಅಷ್ಟು ಜೋರಾಗಿ ಹೊಡೆಯುತ್ತಾರೆ ಎಂದು ಅವಳಿಗೆ ಆಗ ಅರ್ಥವಾಯಿತು.

"ನೋಡಿದ್ಯಾ? ಇನ್ನೆಷ್ಟು ದಿನ ಅಂತ ನಾನು ಸುತ್ತಿಗೆ ಹಿಡೀಲಿ? ಅವನಿಗೆ ಮಾತು ಬಿಟ್ಟು ಬೇರೆ ಏನೂ ಬರಲ್ಲ, ನನಗೆ ಗೊತ್ತಿಲ್ವಾ? ನಾಳೆ ನಾನು ಹೋದ್ಮೇಲೆ ಅವನು ಹೆಂಡತಿ ಕಂಪನೀಲಿ ಸಂಬಳಕ್ಕೆ ವ್ಯಾನು ಓಡಿಸ್ತಾನೆ ಅಂತ ನಾಲ್ಕು ಜನ ಆಡ್ಕೋಬಾರದು. ಅವನ ಹೆಸರು ಅಂತ ಒಂದಿರ್ಲಿ. ಅಷ್ಟೇ ನನ್ನ ಆಸೆ."

"ಇರ್ಲಿ ಮಾವ. ಬೇಡ ಅಂತ ನಾನೆಲ್ಲಿ ಹೇಳ್ದೆ? ನಿಮ್ಮ ಅರ್ಧ ಕೊಡಿ."

ಮಾವ ಅವಳನ್ನೇ ನೋಡಿದರು. ಮಗನಿಗೆ ಒಂದು ಪಾಲು ಬೇಕೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ನೋಟಿಸು ಬರೆದಿದ್ದರು, ಅಂಚೆಗೆ ಹಾಕಿದ್ದರು. ತಮ್ಮದನ್ನೇ ಕೊಡಬಹುದಲ್ಲ ಅನ್ನುವುದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಡುಗುವ ಕೈ ತಾನಾಗಿ ಹೋಗಿ ಬಲಜೇಬನ್ನು ಮುಚ್ಚಿಕೊಂಡಿತು.

"ನಂದು ಯಾಕೆ ಕೊಡ್ಲಿ?" ಅಂದರು. "ನಾನಿನ್ನೂ ಇದ್ದೀನಲ್ಲ."

"ನಾನೂ ಇದ್ದೀನಲ್ಲ ಮಾವ."

ಅವಳು ಅದನ್ನು ಜೋರಾಗಿ ಹೇಳಲಿಲ್ಲ. ಹೇಳಿದ ಮೇಲೆ ಅವಳ ಕಣ್ಣು ತುಂಬಿಕೊಂಡಿತು, ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ. ಮಾವ ಕೋಣೆಯಲ್ಲಿ ಸೊಸೆ ಕೂರುವ ಮೂಲೆಯನ್ನು ನೋಡಿದರು. ಮೆಷಿನ್ನು ಗೋಡೆಗೆ ಮುಖ ಮಾಡಿ ನಿಂತಿತ್ತು. ಕಿಟಕಿಯ ಬಳಿ, ಬೆಳಕು ಬೀಳುವ ಜಾಗದಲ್ಲಿ, ಫೋಮಿನ ಕಟ್ಟುಗಳನ್ನು ಪೇರಿಸಿಡಲಾಗಿತ್ತು. ಅಲ್ಲಿ ಪೇರಿಸಿದವರು ಅವರೇ. ಆ ಬೆಳಕು ಫೋಮಿಗೆ ಯಾಕೆ ಬೇಕಿತ್ತು ಎಂದು ಈಗ ಅವರೇ ತಮ್ಮನ್ನು ಕೇಳಿಕೊಂಡರು. ಅವರಿಗೆ ಬೇಜಾರಾಯಿತು, ನಾಚಿಕೆಯೂ ಆಯಿತು. ಆದರೆ ಅದನ್ನು ಬಾಯಲ್ಲಿ ಹೇಳುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ.

"ಮೇಡಂ" ಎಂದು ಆಡಿಟರ ಕಡೆ ತಿರುಗಿದರು. "ಮೂರನೇದು ಹೊಡೆದುಹಾಕಿ."

"ಹೊಡೆದುಹಾಕೋ ಹಾಗಿಲ್ಲ ಸರ್. ಚರ್ಚೆ ಆಯ್ತು, ಸದಸ್ಯರು ಒಪ್ಪಲಿಲ್ಲ, ಕೈಬಿಡಲಾಯ್ತು ಅಂತ ಬರೀಬೇಕು."

"ಹಾಗೇ ಬರೀರಿ. ಆಗಿದ್ದನ್ನ ಆಗಿದ್ದ ಹಾಗೆ ಬರೀರಿ." ಅವರು ಗಂಟಲು ಸರಿಮಾಡಿಕೊಂಡರು. "ನಂದು ಇರೋವರೆಗೂ ನನ್ನ ಹತ್ರಾನೇ ಇರ್ಲಿ. ನನ್ನ ನಂತರ ಅವನಿಗೆ. ಅದಕ್ಕೇನು ಮಾಡಬೇಕೋ ಆಮೇಲೆ ಹೇಳಿಕೊಡಿ. ಆಗ ಅವನು ಅರ್ಧ, ಇವಳು ಅರ್ಧ. ಒಬ್ಬರನ್ನೊಬ್ಬರು ಕೇಳ್ಕೊಂಡು ಮಾಡ್ಕೊಳ್ಳಲಿ. ನಾಲ್ಕನೇದು ಏನು?"

"ಅಧ್ಯಕ್ಷರ ಅನುಮತಿ ಮೇಲೆ ಇತರ ವಿಷಯ. ಯಾರಾದ್ರೂ ಏನಾದ್ರೂ ಹೇಳೋದಿದ್ರೆ."

ಇಂಥದ್ದೊಂದು ವಿಷಯ ಎಲ್ಲಾ ಸಭೆಗಳ ಕೊನೆಗೂ ಇರುತ್ತದೆ, ಮತ್ತು ಸಾಮಾನ್ಯವಾಗಿ ಅಲ್ಲಿಗೆ ಬರುವ ಹೊತ್ತಿಗೆ ಎಲ್ಲರೂ ಎದ್ದಿರುತ್ತಾರೆ. ಮಾವನೂ ಏಳಲು ಮೊಣಕಾಲ ಮೇಲೆ ಕೈಯೂರಿದ್ದರು. ಎದ್ದವರು ಸ್ಟೂಲನ್ನು ಕಾಲಿನಿಂದ ಸೊಸೆಯ ಕಡೆ ತಳ್ಳಿದರು.

"ಅದರ ಮೇಲೆ ಯಾಕೆ ಕುಸೀತಾ ಕೂತಿದೀಯ. ಇದರ ಮೇಲೆ ಕೂತ್ಕೋ."

ತಾವು ಫೋಮಿನ ಕಟ್ಟಿನ ಮೇಲೆ ಕೂತರು. ಅದು ಅವರ ಭಾರಕ್ಕೆ ಇನ್ನಷ್ಟು ಕುಸಿಯಿತು. ಕೆಳಗಿನಿಂದ ಸೊಸೆಯ ಮುಖವನ್ನು ನೋಡುತ್ತಾ, ಹೊಸ ಭಾಷೆಯಲ್ಲಿ ಮಾತಾಡುವವರ ಹಾಗೆ ತಡವರಿಸಿ ಕೇಳಿದರು.

"ನಿಂದೇನಾದ್ರೂ ಇದ್ಯಾ?"

ಅವಳದು ಇತ್ತು. ಹಸಿರು ಸೋಫಾದ ಬಟ್ಟೆ ಎಳೆ ಬಿಡುತ್ತದೆ, ಆ ಬಟ್ಟೆಯ ಅಂಗಡಿಯವನನ್ನು ಬದಲಾಯಿಸಬೇಕು. ಅಳತೆಗೆ ಹೋಗುವಾಗ ತಾನೂ ಹೋಗಬೇಕು, ಇಲ್ಲದಿದ್ದರೆ ಆಗದ ತಾರೀಖು ಒಪ್ಪಿಕೊಂಡು ಬರುವುದು ನಿಲ್ಲುವುದಿಲ್ಲ. ಗಂಡನಿಗೆ ಆಸಾಮಿ ಸಂಬಳ ಕೊಡುತ್ತಾನೆ, ತನಗೂ ಕೊಡಬೇಕು, ಕಡಿಮೆ ಕೊಟ್ಟರೂ ಪರವಾಗಿಲ್ಲ ಆದರೆ ಕೊಡಬೇಕು. ಅವಳು ಒಂದೊಂದಾಗಿ ಹೇಳುತ್ತಾ ಹೋದಳು. ಆಡಿಟರು ಮತ್ತೆ ಪೆನ್ನು ಎತ್ತಿಕೊಂಡು ಬರೆಯುತ್ತಾ ಹೋದಳು. ಮಾವ ನಡುವೆ ಒಂದೆರಡು ಕಡೆ ಮುಖ ಗಂಟು ಹಾಕಿದರು, ಬಟ್ಟೆಯವನು ತಮ್ಮ ಹಳೆಯ ಸ್ನೇಹಿತ ಎಂದು ಜಗಳಕ್ಕೂ ಬಂದರು, ಅವಳು ಸೋಫಾದ ಮೂಲೆಯ ಎಳೆ ಎಳೆದು ತೋರಿಸಿದಾಗ ಸುಮ್ಮನಾದರು.

ಮಗ ಟೀಯ ತಟ್ಟೆ ಹಿಡಿದು ಹಳದಿ ಗೆರೆಯ ಆಚೆ ಬಂದು ನಿಂತ. ಒಂದು ಕಾಲು ಎತ್ತಿ ಗೆರೆ ದಾಟಲೋ ಬೇಡವೋ ಎಂದು ಅನುಮಾನಿಸಿದ.

"ಮುಗೀತಾ? ಬರಬಹುದಾ? ಆರ್ತಾ ಇದೆ."

"ಆರ್ಲಿ ಬಿಡು" ಅಂದರು ಮಾವ, ಅವನ ಕಡೆ ತಿರುಗದೆಯೇ. "ಮೀಟಿಂಗ್ ನಡೀತಾ ಇರೋದು ಕಾಣ್ಸಲ್ವಾ?"

ಆಮೇಲೆ ಫೋಮಿನ ಮೇಲೆ ಸ್ವಲ್ಪ ಮುಂದಕ್ಕೆ ಸರಿದು ಕೂತು, "ಹೇಳಮ್ಮ" ಅಂದರು. "ಆಮೇಲೆ?"